ಡಿ90 ಕುಣಿಯುತ್ತಿದ್ದರೆ ಮೊದಲು ಚಮಚ ನೋಡಿ

"ಡಿ90 ಬೆಳಗ್ಗೆ 212 ಮೈಕ್ರಾನ್ ಬಂತು, ಮಧ್ಯಾಹ್ನ 248. ಅದೇ ಬ್ಯಾಚ್, ಅದೇ ಮೆಥಡ್. ಲೇಸರ್ ಹೋಗಿರಬೇಕು ನೋಡಿ ಸರ್." ಕಣಗಾತ್ರ ಅಳೆಯುವ ಉಪಕರಣ ತಯಾರಿಸುವ ಕಂಪನಿಯ ಸರ್ವಿಸ್ ವಿಭಾಗಕ್ಕೆ ಬರುವ ಫೋನುಗಳ ಧಾಟಿ ಹೆಚ್ಚಾಗಿ ಇದೇ. ಲೇಸರ್ ಹೋಗಿರುವುದು ಅಪರೂಪ. ಅದರ ತೀವ್ರತೆ ಪರದೆಯ ಮೇಲೇ ಕಾಣುತ್ತದೆ. ಅಲೈನ್‌ಮೆಂಟ್ ಆದ ಮೇಲೆ ಮಾಮೂಲಿನಷ್ಟೇ ಇದ್ದರೆ ಆ ಅನುಮಾನ ಅಲ್ಲಿಗೇ ಬಿಡಬಹುದು. ತಪ್ಪು ಸಾಮಾನ್ಯವಾಗಿ ಡಬ್ಬಿಯಿಂದ ಪುಡಿ ತೆಗೆದ ರೀತಿಯಲ್ಲಿರುತ್ತದೆ.

ಲೇಸರ್ ಡಿಫ್ರ್ಯಾಕ್ಷನ್, ಅಂದರೆ ಕಣಗಳಿಗೆ ತಾಗಿದ ಲೇಸರ್ ಬೆಳಕು ಚದುರುವ ರೀತಿಯಿಂದ ಗಾತ್ರ ಅಳೆಯುವ ಈ ವಿಧಾನ, ಕಣಗಳನ್ನು ಎಣಿಸುವುದಿಲ್ಲ. ಯಾವ ಗಾತ್ರದ ಕಣಗಳು ಒಟ್ಟು ಘನಫಲದಲ್ಲಿ ಎಷ್ಟು ಪಾಲು ಎಂದು ಹೇಳುತ್ತದೆ. ನೂರರಲ್ಲಿ ತೊಂಬತ್ತು ಪಾಲು ಯಾವ ಗಾತ್ರಕ್ಕಿಂತ ಕೆಳಗಿದೆಯೋ ಅದು ಡಿ90. ಐವತ್ತು ಪಾಲಿಗೆ ಡಿ50, ಹತ್ತು ಪಾಲಿಗೆ ಡಿ10. ಘನಫಲದ ಲೆಕ್ಕದಲ್ಲಿ 100 ಮೈಕ್ರಾನಿನ ಒಂದೇ ಕಣ 1 ಮೈಕ್ರಾನಿನ ಹತ್ತು ಲಕ್ಷ ಕಣಗಳಿಗೆ ಸಮ.

ಮರಳಿನ ಉದಾಹರಣೆ ತೆಗೆದುಕೊಳ್ಳೋಣ. 500 ಮೈಕ್ರಾನಿನ ಒಂದು ಮರಳ ಕಾಳು ಸುಮಾರು 0.17 ಮಿಲಿಗ್ರಾಂ ತೂಗುತ್ತದೆ. ಸೆಲ್‌ಗೆ (ಲೇಸರ್ ಹಾಯುವ, ಪುಡಿ ಹಾಕುವ ಪಾತ್ರೆ) 100 ಮಿಲಿಗ್ರಾಂ ಹಾಕಿದಿರಿ, ಅದರಲ್ಲಿ ಅತಿ ದಪ್ಪನೆಯ ಶೇ 10 ಪಾಲು ಈ ಗಾತ್ರದ್ದು ಎಂದರೆ ಸಿಗುವುದು 58 ಕಾಳು. ಪುಡಿ ಎಷ್ಟೇ ಚೆನ್ನಾಗಿ ಬೆರೆತಿದ್ದರೂ ಬರೀ ಆಕಸ್ಮಿಕದಿಂದಲೇ ಒಮ್ಮೆ 50, ಇನ್ನೊಮ್ಮೆ 66 ಬರುವುದು ಸಹಜ. ಡಿ90 ಕುಣಿಯಲು ಇಷ್ಟೇ ಸಾಕು. ಔಷಧ ತಯಾರಿಕೆಯವರು ಅನುಸರಿಸುವ ಅಮೆರಿಕದ ಫಾರ್ಮಕೋಪಿಯದ 429ನೇ ಅಧ್ಯಾಯ ಡಿ50ಗೆ ಶೇ 10, ಡಿ10 ಮತ್ತು ಡಿ90ಗೆ ಶೇ 15ರವರೆಗೆ ವ್ಯತ್ಯಾಸ ಒಪ್ಪುತ್ತದೆ. 10 ಮೈಕ್ರಾನಿಗಿಂತ ಕೆಳಗೆ ಇದರ ಎರಡರಷ್ಟು.

ಇದು ಚೆನ್ನಾಗಿ ಬೆರೆತ ಪುಡಿಯ ಮಾತು. ಡಬ್ಬಿಯಲ್ಲಿರುವುದು ಹಾಗಿರುವುದಿಲ್ಲ. ಅಕ್ಕಿಯನ್ನು ಮೊರದಲ್ಲಿ ಒನೆದರೆ ನುಚ್ಚು ಒಂದು ಕಡೆ, ಕಾಳು ಒಂದು ಕಡೆ ಆಗುತ್ತದಲ್ಲ, ಪ್ಲಾಂಟಿನಿಂದ ಲ್ಯಾಬಿಗೆ ಬರುವ ದಾರಿಯಲ್ಲಿ ಡಬ್ಬಿಯೊಳಗೂ ಅದೇ ನಡೆದಿರುತ್ತದೆ. ಸಣ್ಣದು ಸಂದಿಗಳಲ್ಲಿ ಕೆಳಗಿಳಿದು ದಪ್ಪದು ಮೇಲೆ ನಿಲ್ಲುತ್ತದೆ. ಮೇಲಿಂದ ಒಂದು ಚಮಚ ತೆಗೆದರೆ ದಪ್ಪವೇ ಬರುತ್ತದೆ. ಡಬ್ಬಿಯನ್ನು ಮೇಜಿಗೆ ಕುಟ್ಟಿದರೆ ಇನ್ನೂ ಕೆಡುತ್ತದೆ. ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತುಂಬಿರದ ಡಬ್ಬಿಯನ್ನು ಅಡ್ಡ ಹಿಡಿದು ಉರುಳಿಸಿ, ನಿಧಾನವಾಗಿ ತಲೆಕೆಳಗು ಮಾಡಿ, ಇಪ್ಪತ್ತು ಸಲ. ಪುಡಿಯನ್ನು ಸಮಪಾಲು ಮಾಡುವ ತಿರುಗುವ ರಿಫ್ಲರ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಇನ್ನೊಂದು ಅಭ್ಯಾಸ ಬಹಳ ಕಡೆ ಇದೆ: ಬೀಕರಿನಲ್ಲಿ ಪುಡಿ ಕಲಸಿ, ಅಬ್ಸ್ಕ್ಯುರೇಷನ್ (ಕಣಗಳು ತಡೆಯುವ ಲೇಸರ್ ಬೆಳಕಿನ ಪಾಲು) ಬೇಕಾದಷ್ಟು ಆಗುವವರೆಗೆ ಡ್ರಾಪರಿನಲ್ಲಿ ಬಿಡುವುದು. ಅಷ್ಟರಲ್ಲಿ ದಪ್ಪ ಕಣ ಬೀಕರಿನ ತಳ ಸೇರಿರುತ್ತದೆ, ಸೆಲ್‌ಗೆ ಹೋಗುವುದು ಸಣ್ಣದು ಮಾತ್ರ. ಎಷ್ಟು ಪುಡಿಗೆ ಅಬ್ಸ್ಕ್ಯುರೇಷನ್ ಸರಿಯಾಗುತ್ತದೆ ಎಂದು ಮೊದಲು ಕಂಡುಕೊಂಡು, ಅಷ್ಟನ್ನೇ ಬೇರ್ಪಡಿಸಿ, ಪೂರ್ತಿ ಹಾಕಬೇಕು. ನೀರಿಗೆ ಸೇರದ ಪುಡಿಗೆ ಸರ್ಫ್ಯಾಕ್ಟಂಟ್ (ಸೋಪಿನಂಥ ದ್ರವ) ಒಂದೆರಡು ಹನಿ ಹಾಕಿ ಪೇಸ್ಟ್ ಮಾಡಿ, ಪೇಸ್ಟನ್ನೂ ಪೂರ್ತಿ ತೊಳೆದು ಸೆಲ್‌ಗೆ ಬಿಡಿ. ಹನಿ ಹೆಚ್ಚಾದರೆ ನೊರೆ ಬರುತ್ತದೆ, ಉಪಕರಣ ಗುಳ್ಳೆಯನ್ನೂ ಕಣವೆಂದೇ ಓದುತ್ತದೆ.

ಪುಡಿ ಹಾಕಿದ ಮೇಲೆ ಒಂದೇ ರೀಡಿಂಗ್ ತೆಗೆದು ಮುಗಿಸಬೇಡಿ. ಸಾಲಾಗಿ ಐದು ತೆಗೆದು, ಡಿ90 ಜೊತೆಗೆ ಅಬ್ಸ್ಕ್ಯುರೇಷನ್ ಕಾಲಂ ಕೂಡ ಓದಿ. ಈ ಎರಡನೆಯ ಕಾಲಂ ಯಾರೂ ನೋಡುವುದೇ ಇಲ್ಲ ಎಂಬುದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ಡಿ90 ಇಳಿಯುತ್ತಾ ಅಬ್ಸ್ಕ್ಯುರೇಷನ್ ಏರುತ್ತಿದ್ದರೆ ಅಂಟಿಕೊಂಡ ಕಣಗಳ ಗಂಟು ಬಿಡಿಸಿಕೊಳ್ಳುತ್ತಿದೆ. ಒಂದು ಗಂಟಿಗಿಂತ ಅದರ ಬಿಡಿ ಕಣಗಳು ಹೆಚ್ಚು ಬೆಳಕು ತಡೆಯುತ್ತವೆ. ಎರಡೂ ಇಳಿಯುತ್ತಿದ್ದರೆ ದಪ್ಪ ಕಣ ತಳಕ್ಕೆ ಕೂರುತ್ತಿದೆ, ಸ್ಟಿರರ್ ವೇಗ ಸಾಲದು. ಅಬ್ಸ್ಕ್ಯುರೇಷನ್ ಇಳಿಯುತ್ತಾ ಡಿ10 ಏರುತ್ತಿದ್ದರೆ ಸಣ್ಣ ಕಣ ಕರಗುತ್ತಿದೆ, ಲ್ಯಾಕ್ಟೋಸನ್ನು ನೀರಿಗೆ ಹಾಕಿದರೆ ಆಗುವಂತೆ, ದ್ರವ ಬದಲಿಸಿ. ಸಿಮೆಂಟನ್ನಂತೂ ನೀರಿಗೆ ಹಾಕುವಂತೆಯೇ ಇಲ್ಲ, ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಒಣ ವಿಧಾನ. ಸೋನಿಕೇಷನ್ (ಅಲ್ಟ್ರಾಸೌಂಡ್ ಅಲೆಯಿಂದ ಗಂಟು ಬಿಡಿಸುವುದು) ನಿಲ್ಲಿಸಿದ ಕೂಡಲೇ ಡಿ90 ಮತ್ತೆ ಏರಿದರೆ ಬಿಡಿಸಿಕೊಂಡದ್ದು ತಿರುಗಿ ಗಂಟಾಗುತ್ತಿದೆ ಎಂದರ್ಥ, ಅಲ್ಲಿ ಸೋನಿಕೇಷನ್ ಸಮಯ ಹೆಚ್ಚಿಸಿ ಪ್ರಯೋಜನವಿಲ್ಲ.

ಸ್ಟಿರರ್ ವೇಗಕ್ಕೆ ಊಹೆ ಬೇಡ. 1500, 2000, 2500, 3000 ಆರ್‌ಪಿಎಂನಲ್ಲಿ ಅಳೆದು, ಡಿ90 ಏರಿ ಸಮತಟ್ಟಾಗುವ ಜಾಗ ಹಿಡಿಯಿರಿ. ಅದರಾಚೆ ಗ್ರಾಫಿನಲ್ಲಿ ದಪ್ಪ ಗಾತ್ರದ ಕಡೆ ರೀಡಿಂಗಿಗೊಮ್ಮೆ ಆಕಾರ ಬದಲಿಸುವ ಗುಡ್ಡೆ ಎದ್ದರೆ ಅದು ಗಾಳಿಗುಳ್ಳೆ. ನಲ್ಲಿಯಿಂದ ಆಗತಾನೆ ಹಿಡಿದ ತಣ್ಣೀರಿನಲ್ಲೂ ಗುಳ್ಳೆ ಏಳುತ್ತದೆ. ನೀರನ್ನು ಹಿಂದಿನ ರಾತ್ರಿಯೇ ಹಿಡಿದಿಟ್ಟರೆ ಈ ಕಾಟ ಬಹುಪಾಲು ತಪ್ಪುತ್ತದೆ.

ಉಪಕರಣಕ್ಕೆ ಕೊಡಬೇಕಾದ ರಿಫ್ರ್ಯಾಕ್ಟಿವ್ ಇಂಡೆಕ್ಸ್ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಂಕಿ) ವಿಷಯದಲ್ಲಿ ಅನಗತ್ಯ ಗಾಬರಿ ಇದೆ. 50 ಮೈಕ್ರಾನಿಗಿಂತ ದಪ್ಪದಕ್ಕೆ ಅದರ ಪ್ರಭಾವ ತೀರಾ ಕಡಿಮೆ. ಕೆಲವೇ ಮೈಕ್ರಾನಿನ ಪುಡಿಗೆ ಮಾತ್ರ ತಪ್ಪು ಬೆಲೆ ಕೊಟ್ಟರೆ ಇಲ್ಲದ ಸಣ್ಣ ಕಣಗಳು ವರದಿಯಲ್ಲಿ ಹುಟ್ಟಿಕೊಳ್ಳುತ್ತವೆ.

ಇಷ್ಟಾದರೂ ಅನುಮಾನ ಉಳಿದರೆ ಗಾತ್ರ ಮೊದಲೇ ಗೊತ್ತಿರುವ, ಪ್ರಮಾಣಪತ್ರದೊಂದಿಗೆ ಬರುವ ಗಾಜಿನ ಮಣಿಗಳ ಸ್ಟ್ಯಾಂಡರ್ಡ್ ಹಾಕಿ ನೋಡಿ. ಒಮ್ಮೆಗೇ ಬಳಸಲು ಕೊಟ್ಟ ಆ ಪುಟ್ಟ ಬಾಟಲಿಯಲ್ಲಿ ಅರ್ಧ ಹಾಕಿ, ಉಳಿದರ್ಧ ಮುಂದಿನ ತಿಂಗಳಿಗೆ ಎತ್ತಿಡುವವರಿದ್ದಾರೆ. ಬೆಲೆ ನೋಡಿದರೆ ಹಾಗನ್ನಿಸುವುದು ಅರ್ಥವಾಗುತ್ತದೆ. ಆದರೆ ಪ್ರಮಾಣಪತ್ರದ ಅಂಕಿ ಬಾಟಲಿಯ ಅಷ್ಟೂ ಮಣಿಗಳಿಗೆ ಸೇರಿದ್ದು. ಪೂರ್ತಿ ಸುರಿಯಿರಿ, ಬಾಟಲಿಗೆ ನೀರು ಹಾಕಿ ಅಲುಗಾಡಿಸಿ ಆ ತೊಳೆದ ನೀರನ್ನೂ ಸೆಲ್‌ಗೆ ಬಿಡಿ, ಮುಚ್ಚಳದ ಒಳಗೆ ಅಂಟಿದ ಮಣಿಗಳನ್ನೂ ಬಿಡಬೇಡಿ. ಅದೂ ಪಾಸಾಗದಿದ್ದರೆ ಫೋನ್ ಮಾಡಿ, ಆಗ ಖಂಡಿತ ಉಪಕರಣವನ್ನೇ ಬಿಚ್ಚಿ ನೋಡಬೇಕು.