ಸಂಪಾದಕರು ಮೊದಲು ಹೊಡೆದುಹಾಕುವ ಸಾಲು

ನಿಮ್ಮ ಹೊಸ ಉದ್ಯಮದ ಬಗ್ಗೆ ಪತ್ರಿಕೆಗೆ ಕಳಿಸುವ ಮೇಲ್‌ನಲ್ಲಿ ‘ದೇಶದಲ್ಲೇ ಮೊದಲು’ ಅಂತಿದ್ದರೆ ಕತ್ತರಿ ಮೊದಲು ಬೀಳೋದು ಅಲ್ಲಿಗೇ. ಅದನ್ನು ಸಾಬೀತು ಮಾಡೋದು ಕಷ್ಟ, ಸುಳ್ಳು ಅಂತ ತೋರಿಸೋಕೆ ಒಂದು ಸರ್ಚ್ ಸಾಕು.

ಆಮೇಲೆ ಅಂಕಿಗಳು. ‘50,000 ಬಳಕೆದಾರರು’ ಅಂದರೆ ಆ್ಯಪ್ ಇಳಿಸಿಕೊಂಡವರೋ, ಕಳೆದ ತಿಂಗಳು ತೆರೆದವರೋ, ದುಡ್ಡು ಕೊಟ್ಟವರೋ? ಒಟ್ಟು ವಹಿವಾಟನ್ನೇ ಆದಾಯ ಅಂತ ಬರೆಯೋದು ಇನ್ನೊಂದು ಹಳೇ ಚಾಳಿ. 1,000 ರೂಪಾಯಿಯ ಆರ್ಡರ್‌ಗೆ 80 ರೂಪಾಯಿ ಕಮಿಷನ್ ಸಿಕ್ಕರೆ ಆದಾಯ 80 ಮಾತ್ರ. ಪ್ರೈವೇಟ್ ಲಿಮಿಟೆಡ್ ಕಂಪನಿಯ ಲೆಕ್ಕಪತ್ರವನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು (ಅದಿರೋದು ಎಒಸಿ-4 ಅನ್ನೋ ಫಾರಂನಲ್ಲಿ). ಒಳ್ಳೇ ವರದಿಗಾರರು ನೋಡೇ ನೋಡ್ತಾರೆ.

‘ಪೇಟೆಂಟ್ ಇದೆ’ ಅನ್ನುವ ಎಷ್ಟೋ ಜನ ತಾತ್ಕಾಲಿಕ ಅರ್ಜಿಯನ್ನಷ್ಟೇ ಹಾಕಿರುತ್ತಾರೆ. 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸದಿದ್ದರೆ ಅದು ಬಿದ್ದೇ ಹೋಗುತ್ತದೆ. ಅರ್ಜಿ ಸಂಖ್ಯೆ ಕೊಟ್ಟುಬಿಡಿ, ಹಾಕಿದ್ದೋ ಸಿಕ್ಕಿದ್ದೋ ಅಂತಲೂ ಬರೆಯಿರಿ.

‘ಇಷ್ಟು ವಯಸ್ಸಿನೊಳಗಿನ ಸಾಧಕರು’ ಅನ್ನೋ ಪಟ್ಟಿಗಳ ಲೆಕ್ಕವೇ ಬೇರೆ. ಅಮೆರಿಕದ ಪತ್ರಿಕೆ ಎಂಐಟಿ ಟೆಕ್ನಾಲಜಿ ರಿವ್ಯೂ 35 ವರ್ಷದೊಳಗಿನವರ ಪಟ್ಟಿಯನ್ನು 1999ರಲ್ಲಿ 100 ಹೆಸರುಗಳಿಂದ ಶುರುಮಾಡಿ 2005ರಲ್ಲಿ 35ಕ್ಕೆ ಇಳಿಸಿತು. ಸಂಪಾದಕರು ಸೋಸಿದ ಹೆಸರುಗಳನ್ನು ಹೊರಗಿನ ತಜ್ಞರು ತೂಗಿ ನೋಡುತ್ತಾರೆ. ಎಷ್ಟು ಸೋಸಿದರೂ ಜಳ್ಳು ಉಳಿಯುತ್ತೆ ಬಿಡಿ: ಫೋರ್ಬ್ಸ್ 2023ರಲ್ಲಿ ತನ್ನ ‘30 ಅಂಡರ್ 30’ರ ತಪ್ಪು ಆಯ್ಕೆಗಳನ್ನು ತಾನೇ ಪಟ್ಟಿಮಾಡಿ ಪ್ರಕಟಿಸಿತು.

ಮೇಲ್‌ನ ಕೊನೆಗೆ ಮೂವರು ಗ್ರಾಹಕರ ಫೋನ್ ನಂಬರ್ ಇರಲಿ, ಅವರನ್ನು ಕೇಳಿಕೊಂಡೇ. ಒಬ್ಬರು ನಿಮ್ಮನ್ನು ಬಿಟ್ಟುಹೋದವರಾದರೆ ಇನ್ನೂ ಒಳ್ಳೇದು.