ಕಾಣಿಕೆ ಮಾತೆಯ ಬಾಗಿಲಲ್ಲಿ

ಈ ಸಲ ನೊವೇನಾಕ್ಕೆ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಗೆ, ಹೊರಟಾಗ ನನ್ನ ಕೈಯಲ್ಲಿ ಒಂದು ಸೀರೆ ಇತ್ತು. ಹಳದಿ ಮೈ, ಹಸಿರು ಅಂಚು. ಅದು ಅಮ್ಮನ ಹರಕೆ. ಮಂಡಿ ಆಪರೇಷನ್ ಸುಸೂತ್ರವಾಗಿ ಆದರೆ ಯೇಸುವಿನ ತಾಯಿ ಮರಿಯಮ್ಮನವರಿಗೆ ಸೀರೆ ಕೊಡ್ತೀನಿ ಅಂತ ಹರಕೆ ಹೊತ್ತಿದ್ದರು. ಈಗ ಮನೆಯೊಳಗೆ ಕೋಲಿಲ್ಲದೆ ಓಡಾಡುತ್ತಾರೆ. ಆದರೆ ಬೆಂಗಳೂರಿನ ಶಿವಾಜಿನಗರದ ಆ ಜನಜಂಗುಳಿಗೆ ಬರುವಷ್ಟು ಶಕ್ತಿ ಇನ್ನೂ ಇಲ್ಲ. "ನೀನೇ ಕೊಟ್ಟು ಬಾ. ನಾನೇ ಬರಬೇಕಿತ್ತು ಅಂತ ತಾಯಿಗೆ ಹೇಳು" ಅಂದರು.

ಆಗಸ್ಟ್ 29ಕ್ಕೆ ಧ್ವಜ ಏರಿದರೆ ಸೆಪ್ಟೆಂಬರ್ 8ರ ಮರಿಯಮ್ಮನವರ ಹುಟ್ಟುಹಬ್ಬದವರೆಗೆ ಸಂತ ಮೇರಿ ಬಸಿಲಿಕಾದ ಸುತ್ತ ಕಾವಿ ಬಣ್ಣವೇ ಬಣ್ಣ. ಹರಕೆ ಹೊತ್ತವರು ಕಾವಿ ಉಟ್ಟು ಬರುತ್ತಾರೆ, ಎಷ್ಟೋ ಜನ ನಡೆದೇ ಬರುತ್ತಾರೆ. ಕನ್ನಡ, ತಮಿಳು, ಇಂಗ್ಲಿಷ್ ಬಲಿಪೂಜೆಗಳು (ಮಾಸ್) ಒಂದಾದ ಮೇಲೊಂದು ನಡೆಯುತ್ತವೆ. ಮೇಣದ ಬತ್ತಿ ಹಚ್ಚುವ ಕೈಗಳಲ್ಲಿ ಬಳೆ ತೊಟ್ಟ ಕೈಯೂ ಇರುತ್ತದೆ, ಬುರ್ಖಾದೊಳಗಿನ ಕೈಯೂ ಇರುತ್ತದೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಮಾತೆಯ ಗುಡಿ ಇರುವುದು ಚರ್ಚಿನ ಒಳಗಲ್ಲ, ಪಕ್ಕದಲ್ಲಿ, ರಸ್ತೆಗೆ ಮುಖ ಮಾಡಿ. ಬಾಲಯೇಸುವನ್ನು ಎತ್ತಿಕೊಂಡು, ಸೀರೆ ಉಟ್ಟು ನಿಂತಿದ್ದಾರೆ. ಮಗನ ಮನೆಯ ಬಾಗಿಲಲ್ಲೇ ನಿಂತು ಬಂದವರನ್ನು ಮಾತಾಡಿಸುವ ಅಮ್ಮನ ಹಾಗೆ. ನಾನು ಹೋದ ದಿನ ನೀಲಿ ಸೀರೆ ಉಡಿಸಿದ್ದರು.

ಸಾಲು ಜಾಸ್ತಿಯೇ ಇತ್ತು. ನಿಂತಲ್ಲೇ ತಲೆ ಎತ್ತಿ ನೋಡಿದೆ. 160 ಅಡಿ ಎತ್ತರದ ಗೋಪುರ. ಇಷ್ಟು ದೊಡ್ಡ ಕಟ್ಟಡ ಶುರುವಾಗಿದ್ದು ಒಂದು ಹುಲ್ಲು ಮಾಡಿನ ಗುಡಿಯಿಂದ ಅಂದರೆ ನಂಬೋದು ಕಷ್ಟ, ಅಲ್ವಾ? ಟಿಪ್ಪು ಸುಲ್ತಾನನ ಕಾಲ ಮುಗಿದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಹುಡುಕಿಕೊಂಡು ಬಂದವರು ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ. ನಮ್ಮವರ ಹಾಗೇ ಉಟ್ಟು, ನಮ್ಮವರ ಊಟವನ್ನೇ ಉಂಡು ಬದುಕಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಅಂತ ಕರೆದರು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬೇಸಾಯದ ಊರು ಕಟ್ಟಿದವರೂ, ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದವರೂ ಅವರೇ. ಇಲ್ಲಿ ಆಗ ಬ್ಲ್ಯಾಕ್‌ಪಲ್ಲಿ ಅನ್ನುವ ಊರು. ಇಲ್ಲಿದ್ದ ಆ ಹುಲ್ಲು ಮಾಡಿನ ಪುಟ್ಟ ಗುಡಿಗೆ ಕಾಣಿಕೆ ಮಾತೆ ದೇವಾಲಯ ಅಂತ ಹೆಸರು.

ಆ ಹೆಸರು ನನ್ನನ್ನು ಹಿಡಿದು ನಿಲ್ಲಿಸಿತು. ಮರಿಯಮ್ಮನವರೂ ಹೀಗೇ ಒಂದು ದಿನ ಕಾಣಿಕೆ ಹಿಡಿದು ದೇವಾಲಯಕ್ಕೆ ಬಂದವರು. ಹಸುಗೂಸು ಯೇಸುವನ್ನು ಜೆರುಸಲೇಮಿಗೆ ಕರೆತಂದಾಗ ಅವರು ಅರ್ಪಿಸಿದ್ದು ಕುರಿಮರಿಯನ್ನಲ್ಲ, ಬಡವರು ಕೊಡುವ ಜೋಡಿ ಹಕ್ಕಿಯನ್ನು. ನನ್ನ ಕೈಲಿದ್ದ ಸೀರೆ ಅಂಥಾ ಬೆಲೆಯದ್ದೇನಲ್ಲ. ಕಂಚಿ ಸೀರೆ ತರಬೇಕಿತ್ತು ಅಂತ ಅಮ್ಮ ನಾಲ್ಕು ಸಲ ಪೇಚಾಡಿದ್ದರು. ಅವರಿಗೆ ಈ ಜೋಡಿ ಹಕ್ಕಿಯ ಕಥೆ ನೆನಪಿಸಬೇಕು ಅಂದುಕೊಂಡೆ.

ನನ್ನ ಸರದಿ ಬಂತು. ಸೇವೆಗೆ ನಿಂತಿದ್ದ ಹುಡುಗ ಸೀರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ಮಡಿಕೆ ಕೆಡದ ಹಾಗೆ ಉಳಿದವುಗಳ ಮೇಲಿಟ್ಟ. ಅಮ್ಮ ಹೇಳಿಕೊಟ್ಟ ಮಾತು ಅಷ್ಟು ಹೊತ್ತಿಗೆ ಗಂಟಲಲ್ಲೇ ಉಳಿಯಿತು. ಸುಮ್ನೆ ಕೈ ಮುಗಿದೆ. ತಾಯಿಗೆ ಗೊತ್ತಾಗಿರುತ್ತದೆ.

ಎಷ್ಟೋ ವರ್ಷ ಹೊರಗಿನಿಂದಲೇ ಕೈ ಮುಗಿದು ಬಸ್ ಹತ್ತಿದ್ದೇನೆ. ಅವತ್ತು ಒಳಗೆ ಹೋಗಿ ಕೂತೆ. ಕ್ಲೈನರ್ ಎಂಬ ಗುರುಗಳು 1875ರಲ್ಲಿ ಶುರುಮಾಡಿಸಿದ ಕಟ್ಟಡ ಇದು. 1882ರ ಸೆಪ್ಟೆಂಬರ್ 8ರಂದು, ಇದೇ ಹಬ್ಬದ ದಿನ, ಪ್ರತಿಷ್ಠೆ ಆಯಿತು. ಪೋಪ್ ಕೊಡುವ ಬಸಿಲಿಕಾ ಅನ್ನುವ ಪಟ್ಟ ಘೋಷಣೆಯಾದದ್ದು 1974ರಲ್ಲಿ. ಮೇಲಿಂದ ನೋಡಿದರೆ ಶಿಲುಬೆಯ ಆಕಾರ. ಗಾಥಿಕ್ ಶೈಲಿಯ ಕಮಾನುಗಳು ತುದಿಯಲ್ಲಿ ಚೂಪಾಗುತ್ತವೆ. ಮುಗಿದ ಕೈಗಳ ಹಾಗೆ ಕಾಣುತ್ತವೆ. ಆ ಚೂಪು ಬರೀ ಅಂದಕ್ಕಲ್ಲ. ಅಂಥ ಕಮಾನು ಮೇಲಿನ ಭಾರವನ್ನು ನೇರವಾಗಿ ಕಂಬಕ್ಕೆ ಇಳಿಸುತ್ತದೆ. ಹಾಗಾಗಿ ಗೋಡೆಯಲ್ಲಿ ಎತ್ತರದ ಕಿಟಕಿ ತೆರೆಯಲು ಜಾಗ ಸಿಗುತ್ತದೆ. ಅವುಗಳ ಬಣ್ಣದ ಗಾಜುಗಳನ್ನು ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬಿಚ್ಚಿಟ್ಟು, 1947ರಲ್ಲಿ ಮತ್ತೆ ಕೂಡಿಸಿದರಂತೆ. ಒಂದೊಂದು ಗಾಜನ್ನೂ ಜೋಪಾನ ಮಾಡಿದ ಆ ಕೈಗಳು ಯಾರವೋ. ಅವರಿಗಾಗಿಯೂ ಒಂದು "ನಮೋ ಮರಿಯ" ಪ್ರಾರ್ಥನೆ ಹೇಳಿದೆ. ಮುಂದಿನ ಬೆಂಚಿನಲ್ಲಿ ಅಜ್ಜಿಯೊಬ್ಬರು ಜಪಸರದ ಮಣಿ ಎಣಿಸುತ್ತಿದ್ದರು. ಕಿಟಕಿಯಿಂದ ಇಳಿದ ಕೆಂಪು ಬೆಳಕು ಅವರ ನರೆತ ಕೂದಲ ಮೇಲೆ ಸ್ವಲ್ಪ ಹೊತ್ತು ಕೂತು, ನಿಧಾನಕ್ಕೆ ಹೆಗಲಿಗೆ ಸರಿಯಿತು.

ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ.

"ಕೊಟ್ಟೆಯಾ?"

"ಕೊಟ್ಟೆ ಅಮ್ಮ."

"ಇವತ್ತು ತಾಯಿ ಯಾವ ಸೀರೆ ಉಟ್ಟಿದ್ರು?"

"ನೀಲಿ."

ಒಂದು ಗಳಿಗೆ ಅಮ್ಮ ಏನೂ ಅನ್ನಲಿಲ್ಲ. ಆಮೇಲೆ ಕೇಳಿದರು, "ನಾಳೆ ನಮ್ಮದು ಉಡಿಸಬಹುದು, ಅಲ್ವಾ?"