ಹುಳು ಮನೆಯೊಳಗೆ ಸಿಗರೇಟು ನೆನಪಾಗುತ್ತಿರಲಿಲ್ಲ

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆ ಹಿಂದೆ ಹುಳು ಮನೆ. ಅಪ್ಪನ ಕಾಲದಿಂದ ರೇಷ್ಮೆಯೇ ನಮಗೆ ಅನ್ನ. ನಾನು 19 ವರ್ಷ ಸಿಗರೇಟು ಸೇದಿದವನು. ದಿನಕ್ಕೆ ಹನ್ನೆರಡು, ಗೂಡು ಮಾರುವ ದಿನ ಇಪ್ಪತ್ತು. ಬಿಟ್ಟು ಎರಡು ವರ್ಷ ನಾಲ್ಕು ತಿಂಗಳಾಯಿತು. ಊರಿನ ಹುಡುಗರು "ಹೇಗಣ್ಣಾ ಬಿಟ್ರಿ?" ಅಂತ ಕೇಳುತ್ತಾರೆ. ರಸ್ತೆಯಲ್ಲಿ ನಿಂತು ಎರಡು ಮಾತಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹುಳು ಸಾಕುವವರಿಗೆ ಇದು ಗೊತ್ತಿರುತ್ತದೆ, ರೇಷ್ಮೆ ಹುಳುವಿಗೆ ತಂಬಾಕು ಆಗುವುದಿಲ್ಲ. ಅದರಲ್ಲಿರುವ ನಿಕೋಟಿನ್ ಸೊಪ್ಪಿಗೆ ಸ್ವಲ್ಪ ತಾಗಿದರೂ ಸಾಕು. ಹುಳು ತಲೆ ಎತ್ತಿಕೊಂಡು ಒದ್ದಾಡುತ್ತದೆ, ವಾಂತಿ ಮಾಡುತ್ತದೆ, ಸೊಪ್ಪು ಬಿಡುತ್ತದೆ. ತಂಬಾಕು ಹೊಲದ ಪಕ್ಕ ಹಿಪ್ಪುನೇರಳೆ ಹಾಕಬಾರದು ಅನ್ನುವುದು ಅದಕ್ಕೇ. ನಮ್ಮಪ್ಪ ಬೀಡಿ ಸೇದುತ್ತಿದ್ದರು. ಆದರೆ ಹುಳು ಮನೆಗೆ ಹೋಗುವ ಮುಂಚೆ ಸೋಪು ಹಾಕಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಅಂಗಿ ಬದಲಿಸುತ್ತಿದ್ದರು. ನಾನೂ ಅದನ್ನೇ ಕಲಿತೆ. ಹುಳುವನ್ನು ಅಷ್ಟು ಜೋಪಾನ ಮಾಡಿದೆವು. ನಮ್ಮ ಎದೆಯನ್ನು ಮಾಡಲಿಲ್ಲ.

ಬಿಡಬೇಕು ಅನ್ನಿಸಿದ್ದು ಒಂದು ಬೆಳಗ್ಗೆ. ತೋಟದಿಂದ ಸೊಪ್ಪಿನ ಹೊರೆ ತರುತ್ತಿದ್ದೆ. ಮನೆಗೆ ಇನ್ನೂರು ಹೆಜ್ಜೆ ಇರಬಹುದು. ದಾರಿಯಲ್ಲಿ ಎರಡು ಸಲ ಹೊರೆ ಇಳಿಸಿ, ಬದುವಿನ ಮೇಲೆ ಕೂತು ಕೆಮ್ಮಿದೆ. ಹಿಂದೆ ಅಮ್ಮ ಬರುತ್ತಿದ್ದರು. ಅವರಿಗೆ 68. ಅವರ ತಲೆ ಮೇಲೂ ಒಂದು ಹೊರೆ ಇತ್ತು. "ಏನಪ್ಪಾ, ಆಗ್ತಿಲ್ವಾ?" ಅಂದರು. ಅಷ್ಟು ಕೇಳಿ ಮುಂದೆ ನಡೆದುಬಿಟ್ಟರು.

ಅವತ್ತೇ ಪ್ಯಾಕೆಟ್ಟು ಒಲೆಗೆ ಹಾಕಿದೆ. 11 ದಿನ ತಡೆದೆ. ಹನ್ನೆರಡನೇ ದಿನ ರಾಮನಗರದ ಮಾರುಕಟ್ಟೆಗೆ ಗೂಡು ತೆಗೆದುಕೊಂಡು ಹೋದೆವು. ನೆನೆಸಿದ್ದಕ್ಕಿಂತ ಒಳ್ಳೆಯ ರೇಟು ಸಿಕ್ಕಿತು. ಎಲ್ಲರೂ ಖುಷಿಯಲ್ಲಿದ್ದೆವು. ಜೊತೆಯವನು ಒಂದು ಚಾಚಿದ, ನಾನು ಕೈ ಒಡ್ಡಿದೆ. ಒಂದೇ ಅಲ್ವಾ ಅಂದುಕೊಂಡೆ. ಊರು ಸೇರುವಷ್ಟರಲ್ಲಿ ಐದಾಗಿತ್ತು. ಮನೆಯಲ್ಲಿ ಮೂರು ವಾರ ಮುಚ್ಚಿಟ್ಟೆ. ಸೇದಿದ್ದಕ್ಕಿಂತ ಆ ಮುಚ್ಚಿಟ್ಟ ದಿನಗಳು ನನ್ನನ್ನು ಜಾಸ್ತಿ ಸುಟ್ಟವು. ದುಃಖ ಬಂದಾಗ, ಜಗಳ ಆದಾಗ ಹೇಗೆ ತಡೆಯಬೇಕು ಅಂತ ಯೋಚಿಸಿದ್ದೆ. ಸಂತೋಷ ಬಂದಾಗ ಏನು ಮಾಡಬೇಕು ಅಂತ ಯೋಚಿಸಿರಲೇ ಇಲ್ಲ.

ಮುಂದಿನ ಬೆಳೆಯಲ್ಲಿ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಹುಳು ಸೊಪ್ಪು ಬಿಟ್ಟು ಕೂತು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಸೊಪ್ಪನ್ನು ಹೇಗೆ ತಿನ್ನುತ್ತದೆ ಅಂತ ಸಾಕಿದವರಿಗೆ ಗೊತ್ತು. ಮಳೆ ಬಂದ ಹಾಗೆ ಸದ್ದು. ಆಮೇಲೆ ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ಹುಳು ಆರಿಸಿ, ಅವು ಗೂಡು ಕಟ್ಟುವ ತಟ್ಟೆ ಚಂದ್ರಿಕೆಗೆ ಬಿಡುವ ರಾತ್ರಿ. ಅವತ್ತು ಸಂಜೆ ಏಳಕ್ಕೆ ಒಳಗೆ ಹೋದವನು ಹನ್ನೆರಡೂವರೆಗೆ ಹೊರಗೆ ಬಂದೆ. ಐದೂವರೆ ಗಂಟೆ ಒಂದೇ ಒಂದು ಸಲವೂ ಸಿಗರೇಟು ನೆನಪಾಗಿರಲಿಲ್ಲ. ಹೊಸ್ತಿಲು ದಾಟಿ ಅಂಗಳಕ್ಕೆ ಕಾಲಿಟ್ಟೆ, ಕೈ ತಾನಾಗಿ ಜೇಬಿಗೆ ಹೋಯಿತು.

ಆ ರಾತ್ರಿ ಅಂಗಳದಲ್ಲೇ ಕೂತು ತುಂಬಾ ಹೊತ್ತು ಯೋಚಿಸಿದೆ. ಬೇರೆ ದಿನ ಎರಡು ಗಂಟೆ ತಡೆಯಲಾಗದವನು ಐದೂವರೆ ಗಂಟೆ ಹೇಗಿದ್ದೆ? ಒಳಗೆ ಸೇದುವ ಮಾತೇ ಇಲ್ಲ ಅಂತ ಮನಸ್ಸಿಗೆ ಚಿಕ್ಕಂದಿನಿಂದ ಗೊತ್ತು. ಸಿಗುವುದೇ ಇಲ್ಲ ಅಂತ ಗೊತ್ತಿರುವ ಕಡೆ ಮನಸ್ಸು ಕೇಳುವುದೂ ಇಲ್ಲ. ಸೇದಿದ ಹೊಗೆಯ ನಿಕೋಟಿನ್ ಮಿದುಳಿಗೆ ಹೋಗಲು 10ರಿಂದ 20 ಸೆಕೆಂಡು ಸಾಕು. ಅಷ್ಟು ಬೇಗ ಮುಟ್ಟುವುದರಿಂದ ಟೀ ಲೋಟ, ಬೈಕಿನ ಸೀಟು, ಊಟದ ಎಲೆ, ಎಲ್ಲದರ ಜೊತೆಗೂ ಅದು ಗಂಟು ಹಾಕಿಕೊಳ್ಳುತ್ತದೆ. ಹುಳು ಮನೆಯ ಜೊತೆ ಮಾತ್ರ ಆ ಗಂಟು ಬಿದ್ದಿರಲಿಲ್ಲ. ಹಾಗಿದ್ದರೆ ಆ ಹೊಸ್ತಿಲನ್ನೇ ಸ್ವಲ್ಪ ಸ್ವಲ್ಪ ಆಚೆಗೆ ಸರಿಸಬೇಕು ಅಂತ ತೀರ್ಮಾನ ಮಾಡಿದೆ.

ನಾವು ಎರಡನೇ ಜ್ವರ ಎದ್ದ ಚಾಕಿ ಹುಳು, ಅಂದರೆ ಮರಿ ಹುಳು, ತರುತ್ತೇವೆ. ಅಲ್ಲಿಂದ ಗೂಡು ಬಿಡಿಸುವವರೆಗೆ ಹೆಚ್ಚುಕಮ್ಮಿ ಮೂರೂವರೆ ವಾರ. ನಿಕೋಟಿನ್ ಬಿಟ್ಟ ದೇಹದ ಒದ್ದಾಟವೂ ಅಷ್ಟೇ. ಮೊದಲ ಮೂರು ದಿನ ತುಂಬಾ ಕಷ್ಟ, ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಹಾಗಾಗಿ ಚಾಕಿ ಬರುವ ದಿನವನ್ನೇ ಬಿಡುವ ದಿನ ಮಾಡಿಕೊಂಡೆ. ಅದಕ್ಕೆ ಮೊದಲ ಎರಡು ವಾರ ಅಂಗಳದಲ್ಲಿ ಸೇದುವುದು ನಿಲ್ಲಿಸಿದೆ. ಆಮೇಲೆ ತೋಟದಲ್ಲಿ. ಆಮೇಲೆ ಬೈಕಿನ ಮೇಲೆ. ಸೇದಬೇಕಾದರೆ ಊರ ಹೊರಗಿನ ಮೋರಿ ತನಕ ನಡೆದು ಹೋಗಬೇಕು, ನಿಂತೇ ಸೇದಬೇಕು, ಫೋನು ನೋಡಬಾರದು. ಚಾಕಿ ಬಂದ ದಿನ ಆ ಮೋರಿಯನ್ನೂ ಬಿಟ್ಟೆ.

ಅದರ ಹಿಂದಿನ ದಿನ ಪ್ಯಾಕೆಟ್ಟಿನ ಮೇಲಿದ್ದ ನಂಬರಿಗೆ ಫೋನು ಮಾಡಿದ್ದೆ. 1800-11-2356. ಎಷ್ಟೋ ವರ್ಷದಿಂದ ಕೈಯಲ್ಲೇ ಇದ್ದ ನಂಬರು, ಓದಿರಲಿಲ್ಲ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಮ್ಮ ಕಡೆಯ ಭಾಷೆಗಳಿಗೆ ಕೇಂದ್ರ ಇದೆ. ಆ ಕಡೆಯಿದ್ದ ಹೆಣ್ಣುಮಗಳು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. "ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು ಸೇದ್ತೀರಿ?" ಅಂತ ಕೇಳಿದರು. ಕಾಲು ಗಂಟೆಗೆ ಅಂದೆ. ಎದ್ದ ಅರ್ಧ ಗಂಟೆಯೊಳಗೆ ಬೇಕೇ ಬೇಕು ಅನ್ನುವವರ ದೇಹ ನಿಕೋಟಿನ್‌ಗೆ ಜಾಸ್ತಿ ಒಗ್ಗಿಕೊಂಡಿರುತ್ತದೆ, ಬರೀ ಮನಸ್ಸು ಗಟ್ಟಿ ಮಾಡಿದರೆ ಸಾಲದು, ಡಾಕ್ಟರನ್ನೂ ಕೇಳಿ ಅಂದರು. ಹಾಗೆ ಹೋಗಿದ್ದಕ್ಕೆ ನಿಕೋಟಿನ್ ಗಮ್ ಸಿಕ್ಕಿತು. ಚಟ ಬಿಡಿಸುವ ಮಾತ್ರೆಗಳೂ ಇವೆ, ಅವನ್ನು ಡಾಕ್ಟರೇ ಬರೆದುಕೊಡಬೇಕು.

ಗಮ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಮೊದಲು ತಪ್ಪು ಮಾಡಿದೆ. ಬಬಲ್ ಗಮ್ ತರಹ ಜಗಿದೆ. ಗಂಟಲು ಉರಿ, ಬಿಕ್ಕಳಿಕೆ, ಹೊಟ್ಟೆ ತೊಳೆಸಿತು. ಅದನ್ನು ನಿಧಾನವಾಗಿ ಜಗಿಯಬೇಕು. ಬಾಯಲ್ಲಿ ಚುರುಚುರು ಅನ್ನುತ್ತಲೇ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಒತ್ತಿ ಇಡಬೇಕು. ಚುರುಚುರು ಹೋದ ಮೇಲೆ ಮತ್ತೆ ಜಗಿಯಬೇಕು. ಒಂದು ಗಮ್ ಅರ್ಧ ಗಂಟೆ ಬರುತ್ತದೆ. ಅದಕ್ಕೆ ಕಾಲು ಗಂಟೆ ಮುಂಚೆ ಟೀ, ಕಾಫಿ ಕುಡಿಯಬಾರದು, ಕುಡಿದರೆ ಗಮ್ ಸರಿಯಾಗಿ ಹಿಡಿಯುವುದಿಲ್ಲ. ನಾನು ಮೂರು ತಿಂಗಳಲ್ಲಿ ಕಮ್ಮಿ ಮಾಡುತ್ತಾ ಬಂದು ಬಿಟ್ಟೆ. ಹುಳು ಸಾಕುವವರೇ, ಗಮ್‌ನಲ್ಲೂ ಇರುವುದು ನಿಕೋಟಿನ್ನೇ. ಬಾಯಲ್ಲಿಟ್ಟುಕೊಂಡು ಹುಳು ಮನೆಗೆ ಹೋಗಬೇಡಿ, ಮುಟ್ಟಿದ ಕೈ ತೊಳೆದುಕೊಳ್ಳಿ. ಹೃದಯದ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಲೇಬಾರದು.

ಗಮ್ ಇದ್ದರೂ ಸೇದಬೇಕು ಅನ್ನುವ ತುಡಿತ ಬರುತ್ತಿತ್ತು. ಎದೆ ಹಿಡಿದು ಎಳೆದ ಹಾಗೆ. ಆಗ ಫೋನಿನ ಗಡಿಯಾರ ನೋಡುತ್ತಿದ್ದೆ. ಮೂರು ನಿಮಿಷ, ನಾಲ್ಕು ನಿಮಿಷ, ತುಂಬಾ ಅಂದರೆ ಹತ್ತು. ಅದರೊಳಗೆ ಇಳಿಯುತ್ತದೆ. ಇದನ್ನು ಕಣ್ಣಾರೆ ನೋಡಿದ ಮೇಲೆ ಅರ್ಧ ಹೆದರಿಕೆ ಹೋಯಿತು. ಜ್ವರಕ್ಕೆ ಕೂತ ಹುಳುವಿಗೆ ನಾವು ಸೊಪ್ಪು ಹಾಕುವುದಿಲ್ಲ, ಅಲುಗಾಡಿಸುವುದಿಲ್ಲ, ಏಳುವವರೆಗೆ ಕಾಯುತ್ತೇವೆ. ತುಡಿತ ಬಂದಾಗ ನಾನೂ ಹಾಗೇ ಕಾದೆ. ಒಂದು ಚೊಂಬು ನೀರು ಗುಟುಕು ಗುಟುಕಾಗಿ ಕುಡಿಯುತ್ತಿದ್ದೆ. ಉಸಿರನ್ನು ಉದ್ದಕ್ಕೆ ಬಿಡುತ್ತಿದ್ದೆ. ಜೇಬಲ್ಲಿ ಹುರಿದ ಕಡ್ಲೆಬೀಜ, ಎರಡು ಲವಂಗ. ಬೆರಳುಗಳಿಗೆ ಏನೋ ಬೇಕು ಅನ್ನಿಸುತ್ತದಲ್ಲ, ಅದಕ್ಕೆ ಸಿಗರೇಟಿನಷ್ಟೇ ಉದ್ದದ ಹಿಪ್ಪುನೇರಳೆ ಕಡ್ಡಿ ಕತ್ತರಿಸಿ ಇಟ್ಟುಕೊಂಡಿದ್ದೆ. ಅದನ್ನು ಹೊರಳಿಸುತ್ತಾ ತೋಟದ ಕೊನೆಯವರೆಗೆ ಹೋಗಿ ಬರುವಷ್ಟರಲ್ಲಿ ತುಡಿತ ಹೋಗಿರುತ್ತಿತ್ತು.

ಟೀ ಅರ್ಧಕ್ಕೆ ಇಳಿಸಿದ್ದು ಬಹಳ ಉಪಯೋಗಕ್ಕೆ ಬಂತು. ಸಿಗರೇಟು ಸೇದುವವರ ದೇಹ ಕೆಫೀನನ್ನು ಬೇಗ ಕರಗಿಸುತ್ತದೆ. ಬಿಟ್ಟ ಮೇಲೆ ಅದೇ ನಾಲ್ಕು ಲೋಟ ಟೀ ಜಾಸ್ತಿ ಹೊತ್ತು ಒಳಗೆ ನಿಲ್ಲುತ್ತದೆ. ಎದೆ ಢವಢವ, ನಿದ್ದೆ ಇಲ್ಲ, ಸಿಡುಕು. ಇದೆಲ್ಲ ಸಿಗರೇಟು ಬಿಟ್ಟಿದ್ದಕ್ಕೇ ಅಂದುಕೊಂಡು ಎಷ್ಟೋ ಜನ ವಾಪಸ್ ಹೋಗುತ್ತಾರೆ. ಮಲಬದ್ಧತೆಯೂ ಆಯಿತು, ಕೆಮ್ಮು ಕೆಲವು ದಿನ ಜಾಸ್ತಿಯಾಯಿತು, ಮೂರು ತಿಂಗಳಲ್ಲಿ ನಾಲ್ಕು ಕೆಜಿ ತೂಕ ಏರಿತು. ಹೆದರುವಂಥದ್ದೇನಲ್ಲ.

ಎರಡನೇ ದಿನ ಸಂಜೆ ಮಗಳ ಮೇಲೆ ಸುಮ್ನೆ ಕಿರುಚಿಬಿಟ್ಟೆ. ಹೆಂಡತಿ ಅಡುಗೆ ಮನೆಯಿಂದ ಬಂದು, "ರೀ, ಒಂದು ವಾರ ನೀವೇನಂದ್ರೂ ನಾವು ಮನಸ್ಸಿಗೆ ಹಾಕ್ಕೊಳ್ಳಲ್ಲ. ಆದ್ರೆ ಆಚೆ ಮಾತ್ರ ಹೋಗ್ಬೇಡಿ" ಅಂದಳು. ಮನೆಯವರಿಗೆ ಮೊದಲೇ ಹೇಳಿಟ್ಟುಕೊಳ್ಳಿ. ಅವರ ಸಹಾಯ ಇಲ್ಲದೆ ನನಗೆ ಆಗುತ್ತಿರಲಿಲ್ಲ.

ಸಿಗರೇಟು ಬಿಟ್ಟು ಬೀಡಿಗೆ ಇಳಿಯುವವರು ನಮ್ಮ ಕಡೆ ತುಂಬಾ ಜನ. ಎಲೆ ಸುತ್ತಿದ್ದು ಅಂತ ಬೀಡಿ ಸೌಮ್ಯ ಅಲ್ಲ, ಅದರಲ್ಲೂ ಅದೇ ವಿಷ ಇದೆ. ಹೊಗೆಸೊಪ್ಪು ಬಾಯಿಗೆ ಹಾಕಿಕೊಳ್ಳುವುದೂ ಬಿಟ್ಟ ಹಾಗಲ್ಲ.

ಗೂಡು ಮಾರುವ ದಿನ ಬಂತು. ಈ ಸಲ ಸಿಗರೇಟು ಮುಟ್ಟದ ಭಾವಮೈದನನ್ನು ಜೊತೆಗೆ ಕರೆದುಕೊಂಡು ಹೋದೆ. ಹಿಂದಿನ ಸಲ ಚಾಚಿದ್ದ ಗೆಳೆಯನಿಗೆ ಬೆಳಗ್ಗೆಯೇ ಹೇಳಿದೆ: "ಇವತ್ತು ರೇಟು ಎಷ್ಟೇ ಬರಲಿ, ನಾನೇ ಕೇಳಿದರೂ ಕೊಡಬೇಡ ಕಣೋ." ಅವನು ಕೊಡಲಿಲ್ಲ. ಸೇದುವಾಗ ನನ್ನಿಂದ ದೂರ ಹೋಗಿ ನಿಂತ. ಅವನ ಆ ಉಪಕಾರ ನಾನು ಮರೆಯುವುದಿಲ್ಲ. ರೇಟು ಸುಮಾರಾಗಿತ್ತು. ಮೂವರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು, ಮಗಳಿಗೆ ಮೈಸೂರು ಪಾಕ್ ಕಟ್ಟಿಸಿಕೊಂಡೆ.

ಒಂದು ವರ್ಷ ಬಿಟ್ಟರೆ, ಸಿಗರೇಟಿನಿಂದ ಜಾಸ್ತಿಯಾಗಿದ್ದ ಹೃದಯದ ಅಪಾಯ ಅರ್ಧಕ್ಕೆ ಇಳಿಯುತ್ತದೆ ಅಂತ ಡಾಕ್ಟರು ಹೇಳಿದ್ದರು. ನನ್ನ ಲೆಕ್ಕ ಅದೇ ಇನ್ನೂರು ಹೆಜ್ಜೆ. ಈಗ ಹೊರೆ ಇಳಿಸದೆ ಮನೆ ಮುಟ್ಟುತ್ತೇನೆ.

ಎದುರು ಮನೆಯ ಹುಡುಗನಿಗೆ 26 ವರ್ಷ. ಮೊದಲ ಸಲ ತಾನೇ ಬೆಳೆ ಮಾಡುತ್ತಿದ್ದಾನೆ. ಎರಡು ಸಲ ಬಿಟ್ಟು ಎರಡು ಸಲವೂ ಸೋತಿದ್ದೇನೆ ಅಣ್ಣಾ ಅಂತ ಮೊನ್ನೆ ಕಣ್ಣಲ್ಲಿ ನೀರು ತಂದುಕೊಂಡ. ಬರುವ ಸೋಮವಾರ ಅವನಿಗೆ ಚಾಕಿ ಬರುತ್ತದೆ. ಆ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಅವನ ಹುಳು ಮನೆ ಬಾಗಿಲಿಗೆ ಅಂಟಿಸಿ ಬಂದಿದ್ದೇನೆ. ಸಂಜೆ ಟೀ ನಮ್ಮ ಮನೆಯಲ್ಲೇ ಕುಡಿ ಅಂತಲೂ ಹೇಳಿದ್ದೇನೆ.